ಬಾಗಿಲು ತೆಗೆದವಳು ನಾನೇ

2019ರ ಏಪ್ರಿಲ್ ತಿಂಗಳು. ಒಂದು ಕಡೆ ಮದುವೆಯ ಹಂಗಾಮು, ಇನ್ನೊಂದು ಕಡೆ ಲೋಕಸಭೆ ಚುನಾವಣೆ. ಸಾಗರದಂಥ ಪೇಟೆಯಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟವರಿಗೆ ಊಟಕ್ಕೂ ಪುರುಸೊತ್ತಿರದ ದಿನಗಳವು. ಅಂಥ ಒಂದು ಬೆಳಿಗ್ಗೆ ಶಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಕಂಪ್ಯೂಟರ್ ಹಾಕಿದೆ. ಒಂದು ಲಗ್ನಪತ್ರಿಕೆ ಮಧ್ಯಾಹ್ನದೊಳಗೆ ಶಿವಮೊಗ್ಗದ ಪ್ರೆಸ್ಸಿಗೆ ಹೋಗಬೇಕಿತ್ತು. ಹುಡುಗಿಯ ಕಡೆಯವರು ಹಿಂದಿನ ಸಂಜೆ ಬಂದು ಪ್ರೂಫ್ ನೋಡಿ ಒಪ್ಪಿ ಹೋಗಿದ್ದರು. ಫೋಲ್ಡರ್ ತೆರೆದರೆ ಪೇಜ್‌ಮೇಕರ್ ಫೈಲಿನ ಗುರುತೇ ಇಲ್ಲ, ಬಿಳಿ ಹಾಳೆಯ ಚಿತ್ರ ಮಾತ್ರ. ಹೆಸರಿನ ಕೊನೆಗೆ ನಾನೆಂದೂ ನೋಡದ ಕೆಲವು ಅಕ್ಷರಗಳ ಬಾಲ ಅಂಟಿಕೊಂಡಿತ್ತು. ಪಕ್ಕದ ಫೈಲಿಗೂ ಅದೇ ಬಾಲ. ಅದರ ಪಕ್ಕದ್ದಕ್ಕೂ.

ಪ್ರತಿ ಫೋಲ್ಡರಿನಲ್ಲೂ ರೀಡ್‌ಮಿ ಎಂಬ ಹೆಸರಿನ ಒಂದೊಂದು ಚಿಕ್ಕ ಫೈಲು ಹೊಸದಾಗಿ ಬಂದು ಕೂತಿತ್ತು. ನಿಮ್ಮ ಎಲ್ಲ ಫೈಲುಗಳಿಗೂ ಬೀಗ ಹಾಕಿದ್ದೇವೆ, ಕೀಲಿಗೆ 980 ಡಾಲರ್, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ, ಅಂದರೆ 490 ಡಾಲರ್ ಎಂದು ಅದರಲ್ಲಿತ್ತು. ಅಂದಿನ ಲೆಕ್ಕದಲ್ಲಿ ಆ ಅರ್ಧವೇ ಸುಮಾರು 34 ಸಾವಿರ ರೂಪಾಯಿ. ಕಂಪ್ಯೂಟರಿನ ಬೆನ್ನಿಗೆ ಬ್ಯಾಕಪ್ಪಿನ ಹಾರ್ಡ್‌ಡಿಸ್ಕನ್ನು ರಾತ್ರಿ ಸಿಕ್ಕಿಸಿದ್ದವಳು ತೆಗೆಯದೆ ಮನೆಗೆ ಹೋಗಿದ್ದೆ. ಅದರೊಳಗಿನ ಹತ್ತು ವರ್ಷದ ಕೆಲಸಕ್ಕೂ ಅದೇ ಬಾಲ ಬೆಳೆದಿತ್ತು.

ಹನ್ನೊಂದರ ಹೊತ್ತಿಗೆ ತುಮರಿ ಕಡೆಯ ಒಬ್ಬರು ಬಂದರು. ಆಗ ಹೊಳೆಬಾಗಿಲಿನಲ್ಲಿ ಲಾಂಚ್ ದಾಟಿ, ಬಸ್ಸು ಹಿಡಿದು ಬರುತ್ತಿದ್ದವರು. ಹಿಂದಿನ ತಿಂಗಳು ಅವರ ತಾಯಿ ತೀರಿಕೊಂಡಿದ್ದರು. ಉತ್ತರಕ್ರಿಯೆಯ ಪತ್ರಕ್ಕೆಂದು ತಮ್ಮ ಹಳೇ ಮೊಬೈಲಿನ ಮೆಮೊರಿ ಕಾರ್ಡ್ ಕೊಟ್ಟಿದ್ದಾಗ, ಅದರಲ್ಲಿದ್ದ ನಲವತ್ತು ಚಿಲ್ಲರೆ ಪಟಗಳನ್ನು ಪೂರ್ತಿ ಕಾಪಿ ಮಾಡಿಟ್ಟುಕೊಂಡು, ಆಮೇಲೆ ತಾಯಿಯ ಪಟವನ್ನು ದೊಡ್ಡದು ಮಾಡಿಕೊಡುತ್ತೇನೆ ಎಂದು ಹೇಳಿದ್ದೆ.

“ಅಕ್ಕ, ಅಮ್ಮನ ಫೋಟೋ ಆಯ್ತಾ?”

“ಅಣ್ಣ, ಆ ಕಾರ್ಡ್ ನಿಮ್ಮ ಹತ್ರ ಇನ್ನೂ ಇದೆಯಾ?”

“ಅದನ್ನ ಮಗ ಖಾಲಿ ಮಾಡ್ಕೊಂಡ. ನಿಮ್ಮ ಹತ್ರ ಉಂಟಲ್ಲ ಅಂತ ಧೈರ್ಯ.”

ಅವರಿಗೆ ಆ ದಿನ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಮುಂದಿನ ವಾರ ಬನ್ನಿ ಎಂದು ಕಳಿಸಿದೆ. ಭದ್ರತಾ ತಂತ್ರಾಂಶ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಅವರ ಆ ಮಾತು.

ಅಂಗಡಿ ಶುರು ಮಾಡಿದ್ದು 2009ರಲ್ಲಿ. ಆಗ ನಮ್ಮಲ್ಲಿಗೆ ಬರುತ್ತಿದ್ದ ವೈರಸ್ಸುಗಳೆಲ್ಲ ಪೆನ್‌ಡ್ರೈವಿನ ಮೂಲಕ. ಕಾಲೇಜು ಹುಡುಗರು ಪ್ರಾಜೆಕ್ಟ್ ರಿಪೋರ್ಟು ಹಿಡಿದು ಬರುತ್ತಾರೆ, ಮೇಷ್ಟ್ರು ಪ್ರಶ್ನೆಪತ್ರಿಕೆ ತರುತ್ತಾರೆ, ಸೊಸೈಟಿಯವರು ವಾರ್ಷಿಕ ವರದಿ ತರುತ್ತಾರೆ. ಊರಿನ ಅಷ್ಟೂ ಕಂಪ್ಯೂಟರುಗಳ ರೋಗ ನಮ್ಮ ಮೇಜಿನ ಮೇಲೆ ಬಂದು ಸೇರುತ್ತಿತ್ತು. “ಮೇಡಂ, ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿಹೋಗಿದೆ” ಎಂದು ಅಳುಮುಖ ಮಾಡಿಕೊಂಡು ಬಂದವರಿಗೆ ಲೆಕ್ಕವಿಲ್ಲ. ಅಸಲಿಗೆ ಅಲ್ಲಿ ಏನೂ ಕಳೆದಿರುವುದಿಲ್ಲ. ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ನಕಲಿಯನ್ನು ಎದುರಿಗಿಡುತ್ತದೆ, ಅಷ್ಟೆ. ನಕಲಿಯನ್ನು ಒತ್ತಿದರೆ ವೈರಸ್ ಓಡುತ್ತದೆ, ಜೊತೆಗೆ ನಿಜ ಫೋಲ್ಡರೂ ತೆರೆದುಕೊಳ್ಳುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಕಮಾಂಡ್ ಪ್ರಾಂಪ್ಟಿನಲ್ಲಿ ಅಟ್ರಿಬ್ ಎಂಬ ಒಂದು ಸಾಲು ಹೊಡೆದರೆ ಅಡಗಿದ್ದೆಲ್ಲ ಹೊರಗೆ ಬರುತ್ತದೆ. ಆ ಒಂದು ಸಾಲಿನಿಂದ ಎಷ್ಟೋ ಹುಡುಗರ ಕಣ್ಣೀರು ಒರೆಸಿದ್ದೇನೆ. ಪೆನ್‌ಡ್ರೈವ್ ಸಿಕ್ಕಿಸಿದ ಕೂಡಲೇ ಅದರೊಳಗಿನ ಪ್ರೋಗ್ರಾಂ ತಾನಾಗಿ ಓಡುವ ಸೌಲಭ್ಯವನ್ನು ಮೈಕ್ರೋಸಾಫ್ಟ್ 2011ರಲ್ಲಿ ಹಳೆಯ ವಿಂಡೋಸುಗಳಿಂದಲೂ ತೆಗೆದುಹಾಕಿದ ಮೇಲೆ ಈ ಕಾಟ ಕಡಿಮೆಯಾಯಿತು. ಆದರೆ ನಾವು ಅಪ್‌ಡೇಟ್ ಮಾಡುತ್ತಿದ್ದರೆ ತಾನೇ. ಬಿಎಸ್ಸೆನ್ನೆಲ್ ಲೈನು ಮಳೆಗಾಲದಲ್ಲಿ ಮೂರು ದಿನ ಇದ್ದರೆ ನಾಲ್ಕು ದಿನ ಇರುತ್ತಿರಲಿಲ್ಲ. ಅಪ್‌ಡೇಟ್ ಅಂದರೆ ಯಂತ್ರ ನಿಧಾನ ಮಾಡುವ ಪೀಡೆ ಎಂದೇ ಎಲ್ಲರೂ ಅದನ್ನು ಬಂದ್ ಮಾಡಿಸುತ್ತಿದ್ದರು, ನಾನೂ ಮಾಡಿಸಿದ್ದೆ.

ಆಂಟಿವೈರಸ್ ಇಲ್ಲದೆ ಇರಲಿಲ್ಲ. ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗ ಕ್ರ್ಯಾಕ್ ಮಾಡಿದ ಒಂದನ್ನು ಹಾಕಿಕೊಟ್ಟಿದ್ದ. ಮೂಲೆಯಲ್ಲಿ ಹಸಿರು ಗುರುತು ಕಾಣುತ್ತಿತ್ತು, ಅದನ್ನು ನೋಡಿ ನೆಮ್ಮದಿಯಾಗಿದ್ದೆ. ಅದರ ಹೊಸ ವೈರಸ್ಸುಗಳ ಪಟ್ಟಿ ಬರುವುದು ಯಾವತ್ತೋ ನಿಂತುಹೋಗಿತ್ತು ಎಂಬುದು ಎಂಟು ತಿಂಗಳ ಮೇಲೆ ಗೊತ್ತಾಯಿತು. ಅದರ ಮೇಲೆ ಸಾಲದೆಂದು ಇನ್ನೊಂದನ್ನೂ ಹಾಕಿದೆ. ಒಂದು ಫೈಲು ತೆರೆದರೆ ಇಬ್ಬರೂ ಒಟ್ಟಿಗೆ ಅದರ ಮೇಲೆ ಬೀಳುತ್ತಿದ್ದರು. ಒಬ್ಬರು ಹಿಡಿದಿಟ್ಟುಕೊಂಡ ವೈರಸ್ಸನ್ನು ಇನ್ನೊಬ್ಬರು ಹೊಸದಾಗಿ ಕಂಡುಹಿಡಿದು ಕೂಗುತ್ತಿದ್ದರು. 2 ಜಿಬಿ ರ‍್ಯಾಮಿನ ಯಂತ್ರ ಹ್ಯಾಂಗ್ ಆಗಿ ನಿಲ್ಲುತ್ತಿತ್ತು. ಒಂದು ಯಂತ್ರಕ್ಕೆ ಸದಾ ಕಾವಲಿರುವ ಆಂಟಿವೈರಸ್ ಒಂದೇ ಇರಬೇಕು. ಇದು ಯಾವ ಕಂಪನಿಯದ್ದಾದರೂ ಬದಲಾಗದ ಮಾತು.

ಆಮೇಲೆ ದುಡ್ಡು ಕೊಟ್ಟು ಒಳ್ಳೆಯದನ್ನೇ ತಂದೆ. ಅದು ಒಂದು ದಿನ ನನ್ನ ಕನ್ನಡ ಕೀಲಿಮಣೆಯ ತಂತ್ರಾಂಶವನ್ನೇ ಕಳ್ಳ ಎಂದು ಹಿಡಿದು ಒಳಗೆ ಹಾಕಿತು. ಮದುವೆ ಪತ್ರಿಕೆ ಅರ್ಧ ಟೈಪಾಗಿದೆ, ಅಕ್ಷರ ಮೂಡುತ್ತಿಲ್ಲ, ಗಿರಾಕಿ ಎದುರಿಗೆ ಕೂತಿದ್ದಾರೆ. ಯಾಕೆ ಹೀಗಾಯಿತೆಂದು ಈಗ ಅರ್ಥವಾಗುತ್ತದೆ. ನುಡಿ, ಬರಹದಂಥ ತಂತ್ರಾಂಶಗಳು ನಾವು ಒತ್ತುವ ಪ್ರತಿ ಕೀಲಿಯನ್ನೂ ನಡುವೆ ನಿಂತು ಕೇಳಿಸಿಕೊಂಡು, ಅದರ ಬದಲಿಗೆ ಕನ್ನಡ ಅಕ್ಷರ ಕೊಡಬೇಕಾಗುತ್ತದೆ. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮುಗಳೂ ಹಾಗೆಯೇ ನಡುವೆ ನಿಂತು ಪ್ರತಿ ಕೀಲಿಯನ್ನೂ ಕೇಳಿಸಿಕೊಳ್ಳುತ್ತವೆ. ಕನ್ನಡ ಗೊತ್ತಿಲ್ಲದ ದೇಶದಲ್ಲಿ ತಯಾರಾದ ಕಾವಲುಗಾರನಿಗೆ ಇಬ್ಬರೂ ಒಂದೇ ಥರ ಕಂಡರೆ ಆಶ್ಚರ್ಯವಿಲ್ಲ. ಆವತ್ತು ಮಾತ್ರ ಇದೆಲ್ಲ ಗೊತ್ತಿರಲಿಲ್ಲ. ಸಿಟ್ಟು ಬಂತು. ಆಂಟಿವೈರಸ್ಸನ್ನು ಹತ್ತು ನಿಮಿಷ ಬಂದ್ ಮಾಡುವುದು ಹೇಗೆಂದು ಕಲಿತೆ. ನನ್ನ ಮಟ್ಟಿಗೆ ನಿಜವಾದ ಅನಾಹುತ ಶುರುವಾದದ್ದು ಆವತ್ತೇ.

ಯಾಕೆಂದರೆ ಅದು ಅಭ್ಯಾಸವಾಯಿತು. ಹೊಸ ಫಾಂಟ್ ಹಾಕುವಾಗ ಕೂಗಿದರೆ ಬಂದ್. ಪ್ರಿಂಟರಿನ ಡ್ರೈವರ್ ಹಾಕುವಾಗ ತಡೆದರೆ ಬಂದ್. ಕ್ರ್ಯಾಕ್ ಮಾಡಿದ ತಂತ್ರಾಂಶಗಳಂತೂ ಬಂದ್ ಮಾಡದೆ ಒಳಗೇ ಬರುತ್ತಿರಲಿಲ್ಲ. ಅವುಗಳ ಜೊತೆ ಬರುವ ಸೂಚನೆಯ ಮೊದಲ ಸಾಲೇ ‘ಆಂಟಿವೈರಸ್ ನಿಲ್ಲಿಸಿ’ ಎಂದಿರುತ್ತಿತ್ತು. 2019ರಲ್ಲಿ ಫೈಲುಗಳಿಗೆ ಬೀಗ ಬೀಳುವ ಹಿಂದಿನ ಸಂಜೆ ಫೋಟೋ ತಿದ್ದುವ ಒಂದು ತಂತ್ರಾಂಶದ ಕ್ರ್ಯಾಕ್ ಇಳಿಸಿದಾಗ ಆಂಟಿವೈರಸ್ ಕೆಂಪು ಬಣ್ಣದಲ್ಲಿ ಸರಿಯಾಗಿಯೇ ಎಚ್ಚರಿಸಿತ್ತು. ಕೈ ತಾನಾಗಿ ಹೋಗಿ ಅದನ್ನು ನಿಲ್ಲಿಸಿತು. ದುಡ್ಡು ಕೊಟ್ಟು ತಂದಿದ್ದ ಆ ತಂತ್ರಾಂಶ ತನ್ನ ಕೆಲಸ ಮಾಡಿತ್ತು. ಹತ್ತು ಸಲ ಸುಮ್ಮನೆ ಕೂಗಿದವನು ಹನ್ನೊಂದನೆಯ ಸಲ ನಿಜಕ್ಕೂ ಕೂಗಿದಾಗ ನಾನು ಕೇಳಲಿಲ್ಲ.

ನಮ್ಮ ಹಾರ್ಡ್‌ವೇರ್ ಹುಡುಗ ನೋಡಿ, “ಫಾರ್ಮ್ಯಾಟ್ ಹೊಡೆಯೋದೇ ಅಕ್ಕ, ಬೇರೆ ದಾರಿ ಇಲ್ಲ” ಎಂದ. ದುಡ್ಡು ಕಟ್ಟೋಣವೇ ಎಂದು ಮನೆಯಲ್ಲಿ ಒಂದು ರಾತ್ರಿ ಮಾತಾಯಿತು. ಕಟ್ಟಿದರೂ ಕೀಲಿ ಕೊಡುತ್ತಾರೆಂಬ ಖಾತ್ರಿಯಿಲ್ಲ, ಕೊಟ್ಟ ದುಡ್ಡು ಇನ್ನೊಬ್ಬರ ಫೈಲುಗಳ ಮೇಲೆ ಬೀಳಲು ಬಳಕೆಯಾಗುತ್ತದೆ. ಬೇಡವೆಂದೆವು. ಎರಡೂವರೆ ಸಾವಿರ ಕೊಟ್ಟು ಹೊಸ ಹಾರ್ಡ್‌ಡಿಸ್ಕ್ ತಂದು ಯಂತ್ರಕ್ಕೆ ಹಾಕಿಸಿ, ಹಳೆಯ ಎರಡನ್ನೂ ಹಾಗೆಯೇ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಅಳಿಸಲಿಲ್ಲ. ಅವತ್ತು ಮಾಡಿದ ಸರಿಯಾದ ಕೆಲಸ ಅದೊಂದೇ.

ಲಗ್ನಪತ್ರಿಕೆಯನ್ನು ಪ್ರೂಫಿನ ಹಾಳೆ ನೋಡಿಕೊಂಡು ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆ. ಒಂದು ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ 120 ಪುಟದಷ್ಟಾಗಿತ್ತು. ಅದನ್ನು ಮತ್ತೆ ಮಾಡಲು ನಲವತ್ತು ದಿನ ಬೇಕಾಯಿತು.

ಆ ಬೇಸಿಗೆಯಲ್ಲಿ ನಾನು ಆಂಟಿವೈರಸ್ ಬಗ್ಗೆ ಓದಿದಷ್ಟು ಪರೀಕ್ಷೆಗೂ ಓದಿರಲಿಲ್ಲ. ಇವು ಕೆಲಸ ಮಾಡುವ ಬಗೆಯನ್ನು ಅಡಿಕೆ ಮಂಡಿಯ ಉದಾಹರಣೆಯಲ್ಲಿ ಹೇಳಿದರೆ ನಮ್ಮೂರಲ್ಲಿ ಬೇಗ ತಿಳಿಯುತ್ತದೆ. ಮಾಲು ನೋಡುವವರು ಎರಡು ರೀತಿ ನೋಡುತ್ತಾರೆ. ಮೋಸದ ಮಾಲು ತರುವವರು ಯಾರೆಂದು ಮೊದಲೇ ಗೊತ್ತಿರುತ್ತದೆ, ಆ ಚೀಲ ಕಂಡ ಕೂಡಲೇ ಬದಿಗಿಡುತ್ತಾರೆ. ಗೊತ್ತಿಲ್ಲದ ಚೀಲವಾದರೆ ಅಡಿಕೆಯನ್ನು ಕತ್ತರಿಸಿ, ಒಳಗಿನ ಬಣ್ಣ ನೋಡಿ ತೀರ್ಮಾನಿಸುತ್ತಾರೆ. ಆಂಟಿವೈರಸ್ಸಿಗೂ ಹೀಗೆಯೇ ಗೊತ್ತಿರುವ ವೈರಸ್ಸುಗಳ ಗುರುತಿನ ಪಟ್ಟಿಯೊಂದು ಇರುತ್ತದೆ. ಪಟ್ಟಿಯಲ್ಲಿಲ್ಲದ ಪ್ರೋಗ್ರಾಮಿನ ನಡವಳಿಕೆ ನೋಡಿ ಸಂಶಯ ಪಡುವ ಬುದ್ಧಿಯೂ ಇರಬೇಕು. ಒಂದೇ ನಿಮಿಷದಲ್ಲಿ ಸಾವಿರ ಫೈಲುಗಳನ್ನು ತಿರುಚುತ್ತಿರುವ ಪ್ರೋಗ್ರಾಂ ಹೊಸದಾದರೂ ಅದನ್ನು ತಡೆಯಬೇಕು. ಬರೀ ಪಟ್ಟಿಯ ಮೇಲೆ ನಿಂತದ್ದು ಈ ಕಾಲಕ್ಕೆ ಸಾಲದು. ಎರಡನೆಯ ಬುದ್ಧಿ ಅತಿಯಾದರೆ ಕನ್ನಡ ಕೀಲಿಮಣೆಯನ್ನೂ ಕತ್ತರಿಸುತ್ತದೆ.

ಯಾವುದಕ್ಕೆ ಎಷ್ಟು ಬುದ್ಧಿಯಿದೆ ಎಂದು ತಿಳಿಯಲು ಕಂಪನಿಯ ಜಾಹೀರಾತು ಓದಿ ಪ್ರಯೋಜನವಿಲ್ಲ, ಅಂಗಡಿಯವರನ್ನು ಕೇಳಿಯೂ ಇಲ್ಲ. ಅವರಿಗೆ ಡಬ್ಬಿಗೆ ಇಷ್ಟು ಎಂದು ಕಮಿಷನ್ ಇರುತ್ತದೆ. ಇದನ್ನೇ ಕಸುಬಾಗಿ ಪರೀಕ್ಷಿಸುವ ಸಂಸ್ಥೆಗಳಿವೆ. ಜರ್ಮನಿಯ ಮ್ಯಾಗ್ಡೆಬರ್ಗಿನಲ್ಲಿ ಎವಿ-ಟೆಸ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್ಕಿನಲ್ಲಿ ಎವಿ-ಕಂಪ್ಯಾರೆಟಿವ್ಸ್. ಎವಿ-ಟೆಸ್ಟಿನವರು ರಕ್ಷಣೆಗೆ 6, ಯಂತ್ರದ ವೇಗ ಕೆಡಿಸದಿರುವುದಕ್ಕೆ 6, ಸುಮ್ಮಸುಮ್ಮನೆ ಕೂಗದಿರುವುದಕ್ಕೆ 6, ಹೀಗೆ ಒಟ್ಟು 18 ಅಂಕ ಕೊಡುತ್ತಾರೆ. ಎಲ್ಲರೂ ನೋಡುವುದು ಮೊದಲ ಆರನ್ನು. ನಾನು ಮೂರನೆಯ ಆರನ್ನು ಮೊದಲು ನೋಡುತ್ತೇನೆ. ಸುಳ್ಳು ಎಚ್ಚರಿಕೆ ಹೆಚ್ಚು ಕೊಡುವ ತಂತ್ರಾಂಶವನ್ನು ಮನುಷ್ಯ ಒಂದಲ್ಲ ಒಂದು ದಿನ ನಿಲ್ಲಿಸಿಯೇ ತೀರುತ್ತಾನೆ. ನಿಲ್ಲಿಸಿದ ತಂತ್ರಾಂಶ ಎಷ್ಟು ಅಂಕ ತೆಗೆದರೇನು? ಒಂದೇ ಸಲದ ಫಲಿತಾಂಶ ನೋಡಬಾರದು, ಹಿಂದಿನ ಒಂದೆರಡು ವರ್ಷಗಳ ಅಂಕಗಳನ್ನು ಸಾಲಾಗಿ ನೋಡಬೇಕು ಎಂಬುದನ್ನೂ ಕಲಿತೆ.

ಎರಡನೆಯ ಆರು ನಮ್ಮಂಥ ಊರಿನವರಿಗೆ ಬಹಳ ದೊಡ್ಡದು. ಪರೀಕ್ಷೆ ನಡೆಸುವವರ ಯಂತ್ರಗಳೇ ಬೇರೆ, ನಮ್ಮಲ್ಲಿ ಓಡುವ ಯಂತ್ರಗಳೇ ಬೇರೆ. ಹಳೇ ತಿರುಗುವ ಹಾರ್ಡ್‌ಡಿಸ್ಕ್, 4 ಜಿಬಿ ರ‍್ಯಾಮ್. ಆದ್ದರಿಂದ ಕೊಳ್ಳುವ ಮೊದಲು ತಿಂಗಳ ಉಚಿತ ಅವಧಿಯಲ್ಲಿ ಹಾಕಿ ನೋಡುವುದೇ ಸರಿ. ನಾನು ಹೀಗೆ ನಾಲ್ಕನ್ನು ಒಂದಾದ ಮೇಲೊಂದು ಹಾಕಿ ನೋಡಿದೆ. ಹಿಂದಿನದನ್ನು ಪೂರ್ತಿ ಕಿತ್ತು ತೆಗೆದ ಮೇಲೆಯೇ ಮುಂದಿನದು. 300 ಡಿಪಿಐಯ ದೊಡ್ಡ ಬ್ಯಾನರ್ ಫೈಲು ತೆರೆಯಲು ಎಷ್ಟು ಹೊತ್ತು, ನುಡಿಯಲ್ಲಿ ವೇಗವಾಗಿ ಹೊಡೆದರೆ ಅಕ್ಷರ ತಡವಾಗುತ್ತದೆಯೇ, ಬೆಳಿಗ್ಗೆ ಯಂತ್ರ ಎದ್ದು ಕೂರಲು ಎಷ್ಟು ನಿಮಿಷ ಎಂದು ಗಡಿಯಾರ ನೋಡಿ ಹಳೇ ಡೈರಿಯಲ್ಲಿ ಬರೆದುಕೊಂಡೆ. ಕಾವಲು ನಿಜಕ್ಕೂ ಎಚ್ಚರವಾಗಿದೆಯೇ ಎಂದು ನೋಡಲು ಐಕಾರ್ ಎಂಬ 68 ಅಕ್ಷರಗಳ ಒಂದು ಸಾಲು ಇದೆ. ಅದು ವೈರಸ್ ಅಲ್ಲ, ಯಾವ ಹಾನಿಯೂ ಇಲ್ಲ. ಆದರೆ ಎಲ್ಲ ಆಂಟಿವೈರಸ್ಸುಗಳೂ ಅದನ್ನು ಕಂಡರೆ ಹಿಡಿಯಬೇಕು ಎಂದು ಆ ಕಸುಬಿನವರೇ ಒಪ್ಪಿಕೊಂಡಿದ್ದಾರೆ. ನೋಟ್‌ಪ್ಯಾಡಿನಲ್ಲಿ ಹಾಕಿ ಸೇವ್ ಮಾಡಿದ ಕ್ಷಣ ಮಾಯವಾದರೆ ಕಾವಲುಗಾರ ಎದ್ದಿದ್ದಾನೆ. ನನ್ನ ಹಳೆಯ ಕ್ರ್ಯಾಕ್ ಆಂಟಿವೈರಸ್ಸಿನ ಮೇಲೆ ಈ ಪರೀಕ್ಷೆ ಮಾಡಿದ್ದರೂ ಪಾಸಾಗುತ್ತಿತ್ತೇನೋ, ಪಟ್ಟಿ ಹಳೆಯದಾಗಿದೆಯೆಂದು ಇದು ಹೇಳುವುದಿಲ್ಲ. ಪಟ್ಟಿ ಕೊನೆಗೆ ಯಾವತ್ತು ಬಂದಿತು ಎಂಬ ತಾರೀಕನ್ನು ಬೇರೆಯಾಗಿಯೇ ನೋಡಬೇಕು.

ದುಡ್ಡಿನ ವಿಷಯವೂ ಇದೆ. ಆಗ ಮೊದಲ ವರ್ಷ ಮುನ್ನೂರು ರೂಪಾಯಿಗೆ ಸಿಗುತ್ತಿದ್ದದ್ದು ಎರಡನೆಯ ವರ್ಷ ಸಾವಿರ ದಾಟುತ್ತಿತ್ತು, ಕಾರ್ಡಿನ ನಂಬರ್ ಕೊಟ್ಟಿದ್ದರೆ ಕೇಳದೆಯೇ ಕಡಿತವಾಗುತ್ತಿತ್ತು. ನವೀಕರಣದ ಬೆಲೆ ಕೇಳದೆ ನಾನೀಗ ಏನನ್ನೂ ಕೊಳ್ಳುವುದಿಲ್ಲ. ಉಚಿತವಾಗಿ ಸಿಗುವುದರ ಬೆಲೆ ಬೇರೆ ರೀತಿಯದು. ಅವಾಸ್ಟ್ ಕಂಪನಿ ತನ್ನ ತಂತ್ರಾಂಶ ಬಳಸುವವರು ಇಂಟರ್‌ನೆಟ್ಟಿನಲ್ಲಿ ಎಲ್ಲೆಲ್ಲಿ ಓಡಾಡುತ್ತಾರೆಂಬ ಮಾಹಿತಿಯನ್ನು ಸಂಗ್ರಹಿಸಿ ಅಂಗಸಂಸ್ಥೆಯ ಮೂಲಕ ಮಾರಿತ್ತು ಎಂಬ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅದಕ್ಕೆ 1.65 ಕೋಟಿ ಡಾಲರ್ ಕಟ್ಟುವಂತೆ ಹೇಳಿತು. ಮನೆಯ ಮೂಲೆ ಮೂಲೆಯ ಕೀಲಿಯನ್ನೂ ನಾವು ಕಾವಲುಗಾರನ ಕೈಗೆ ಕೊಟ್ಟಿರುತ್ತೇವೆ. ಅದೇ ವರ್ಷ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದೇ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಇಂಥ ತಂತ್ರಾಂಶ ಯಂತ್ರದ ಎಷ್ಟು ಒಳಗೆ ಕೂತಿರುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಕೊನೆಗೆ ನಾನು ಆರಿಸಿದ್ದು ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್. ಹೇಳಿದರೆ ಈಗಲೂ ಕೆಲವರು ನಂಬುವುದಿಲ್ಲ. ಹಿಂದೆ ಅಂಕಪಟ್ಟಿಯ ತಳದಲ್ಲಿರುತ್ತಿದ್ದ ಮೈಕ್ರೋಸಾಫ್ಟಿನ ಆಂಟಿವೈರಸ್ 2019ರ ಮೇ–ಜೂನ್ ಪರೀಕ್ಷೆಯಲ್ಲಿ 18ಕ್ಕೆ 18 ತೆಗೆದಿತ್ತು. ನನಗೆ ಅದಕ್ಕಿಂತ ಮುಖ್ಯವಾದದ್ದು ಅದರೊಳಗಿನ ಒಂದು ಸೌಲಭ್ಯ. ನಾವು ಹೇಳಿದ ಫೋಲ್ಡರುಗಳಲ್ಲಿ ಗೊತ್ತಿರುವ ಪ್ರೋಗ್ರಾಮುಗಳು ಮಾತ್ರ ಬರೆಯಬಹುದು, ಹೊಸಬರು ಮುಟ್ಟುವಂತಿಲ್ಲ ಎಂಬ ಕಟ್ಟುಪಾಡು. ವಿಂಡೋಸ್ 10ಕ್ಕೆ 2017ರ ಕೊನೆಗೆ ಬಂದದ್ದು. ಆದರೆ ತಾನಾಗಿ ಚಾಲೂ ಇರುವುದಿಲ್ಲ, ಸೆಟ್ಟಿಂಗ್ಸಿನಲ್ಲಿ ರ‍್ಯಾನ್ಸಮ್‌ವೇರ್ ರಕ್ಷಣೆ, ಅಂದರೆ ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ಸಿನಿಂದ ರಕ್ಷಣೆ ಎಂಬಲ್ಲಿಗೆ ಹೋಗಿ ನಾವೇ ಹಾಕಬೇಕು. ಬೇರೆ ಆಂಟಿವೈರಸ್ ಹಾಕಿದರೆ ಇದು ಸಿಗುವುದಿಲ್ಲ. ಮೊದಲ ವಾರ ಅದು ಪೇಜ್‌ಮೇಕರನ್ನೂ ತಡೆಯಿತು. ಈ ಸಲ ಕಾವಲನ್ನು ನಿಲ್ಲಿಸಲಿಲ್ಲ. ಪೇಜ್‌ಮೇಕರ್ ಒಂದಕ್ಕೆ ಮಾತ್ರ ಅನುಮತಿ ಕೊಟ್ಟೆ. ಎರಡಕ್ಕೂ ಇರುವ ವ್ಯತ್ಯಾಸ ಹತ್ತು ವರ್ಷ ಮೊದಲೇ ತಿಳಿದಿದ್ದರೆ ಎಂದು ಈಗಲೂ ಅನಿಸುತ್ತದೆ.

ಇದು ಎಲ್ಲರಿಗೂ ಸರಿಯೆಂದು ನಾನು ಹೇಳುವುದಿಲ್ಲ. ಒಂಟಿಯಾಗಿರುವ ಹಿರಿಯರಿಗೆ, ಏನಾದರೂ ಆದರೆ ಫೋನಿನಲ್ಲಿ ನಮ್ಮ ಭಾಷೆಯಲ್ಲಿ ಮಾತಾಡುವ ಜನ ಬೇಕು. ಅಂಥವರಿಗೆ ದುಡ್ಡು ಕೊಟ್ಟು ಕೊಳ್ಳುವುದೇ ಒಳ್ಳೆಯದು. ನಮ್ಮ ದೇಶದವೇ ಇವೆ. ಕ್ಯಾಲ್ಕ್ಯುಲೇಟರ್ ರಿಪೇರಿಯಿಂದ ಬದುಕು ಶುರುಮಾಡಿದ ಕೈಲಾಸ್ ಕಾಟ್ಕರ್ ಪುಣೆಯಲ್ಲಿ ತಮ್ಮನ ಜೊತೆ ಕಟ್ಟಿದ ಕ್ವಿಕ್ ಹೀಲ್ ಇದೆ, ಚೆನ್ನೈಯ ಕೆ7 ಇದೆ. ಬ್ಯಾಂಕಿನ ಕೆಲಸ, ಲೆಕ್ಕಪತ್ರದ ಕೆಲಸ ಮಾಡುವವರ ಬಾಗಿಲು ಇಮೇಲ್. ನನ್ನದು ಪೆನ್‌ಡ್ರೈವ್ ಮತ್ತು ಕ್ರ್ಯಾಕ್. ರೋಗ ಯಾವ ಬಾಗಿಲಿನಿಂದ ಬರುತ್ತದೆಂದು ನೋಡದೆ ‘ಯಾವುದು ಒಳ್ಳೇದು’ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಹಾಗಾಗಿ ಉಳಿದ ದುಡ್ಡನ್ನು ನಾನು ಬಾಗಿಲುಗಳ ಮೇಲೆ ಹಾಕಿದೆ. ಕ್ರ್ಯಾಕ್ ತಂತ್ರಾಂಶಗಳನ್ನೆಲ್ಲ ತೆಗೆದೆ. ಕೆಲವಕ್ಕೆ ತಿಂಗಳ ಚಂದಾ ಕಟ್ಟುತ್ತೇನೆ, ಕೆಲವಕ್ಕೆ ಬದಲಾಗಿ ಗಿಂಪ್, ಇಂಕ್‌ಸ್ಕೇಪ್‌ನಂಥ ಮುಕ್ತ ತಂತ್ರಾಂಶ ಕಲಿತೆ. ಗಿರಾಕಿಗಳ ಪೆನ್‌ಡ್ರೈವಿಗೆಂದೇ ಮೂಲೆಯಲ್ಲಿದ್ದ ಹಳೇ ಯಂತ್ರಕ್ಕೆ ಲುಬುಂಟು ಹಾಕಿಸಿದೆ. ವಿಂಡೋಸಿನ ವೈರಸ್ ಅಲ್ಲಿ ಓಡುವುದಿಲ್ಲ. ಶಾರ್ಟ್‌ಕಟ್ ಆದ ಫೋಲ್ಡರಿನ ನಿಜರೂಪವೂ, ನಕಲಿಯೂ ಅಲ್ಲಿ ಪಕ್ಕಪಕ್ಕದಲ್ಲಿ ಕಾಣುತ್ತವೆ. ಬೇಕಾದ ಫೈಲನ್ನಷ್ಟೇ ಎತ್ತಿ ಈಚೆ ಕಳಿಸುತ್ತೇವೆ. ಅಂಗಡಿಯ ಯಂತ್ರಗಳಲ್ಲಿ ನಿತ್ಯದ ಕೆಲಸಕ್ಕೆ ಸಾಮಾನ್ಯ ಖಾತೆ ಮಾತ್ರ. ಹೊಸದೇನಾದರೂ ಹಾಕಲು ಬೇಕಾದ ಪಾಸ್‌ವರ್ಡ್ ಮನೆಯ ಲೆಕ್ಕದ ಪುಸ್ತಕದಲ್ಲಿದೆ, ಅಂಗಡಿಯಲ್ಲಿಲ್ಲ. ಎಂಥದೇ ಅವಸರವಿದ್ದರೂ ಒಂದು ರಾತ್ರಿ ಕಾಯಲೇಬೇಕು. ಆ ಒಂದು ರಾತ್ರಿಯಲ್ಲಿ ಮುಕ್ಕಾಲು ಪಾಲು ಆಸೆಗಳು ತಾವಾಗಿ ಇಳಿದುಹೋಗುತ್ತವೆ.

ಅಪ್‌ಡೇಟ್ ಈಗ ಎಂದೂ ನಿಲ್ಲಿಸುವುದಿಲ್ಲ. 2017ರ ಮೇ 12ರಂದು ವಾನಾಕ್ರೈ ಎಂಬ, ಇದೇ ರೀತಿ ಬೀಗ ಹಾಕುವ ವೈರಸ್ ಜಗತ್ತನ್ನೆಲ್ಲ ಹಿಡಿದಾಗ ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲೇ ಕೊಟ್ಟಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಾಗ, ಹೊಸದಕ್ಕೆ ಏರಲಾರದ ಒಂದು ಯಂತ್ರದ ನೆಟ್ ವಯರನ್ನು ಕಿತ್ತು, ಬರೀ ಪ್ರಿಂಟಿಗೆ ಇಟ್ಟುಕೊಂಡೆ.

ಅನುಮಾನದ ಫೈಲು ಬಂದರೆ ವೈರಸ್‌ಟೋಟಲ್ ಎಂಬ ಜಾಲತಾಣಕ್ಕೆ ಹಾಕಿ ನೋಡುವುದುಂಟು. ಹತ್ತಾರು ಆಂಟಿವೈರಸ್ಸುಗಳು ಒಟ್ಟಿಗೆ ಅಭಿಪ್ರಾಯ ಹೇಳುತ್ತವೆ. ಒಬ್ಬರೋ ಇಬ್ಬರೋ ಬೇಡವೆಂದು ಉಳಿದವರೆಲ್ಲ ಸರಿಯೆಂದರೆ ಬಹುಶಃ ಸುಳ್ಳು ಎಚ್ಚರಿಕೆ. ಆದರೆ ಅಲ್ಲಿ ಹಾಕಿದ ಫೈಲು ಬೇರೆಯವರ ಕೈಗೂ ಸಿಗುತ್ತದೆ. ಗಿರಾಕಿಯ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್ ಅಲ್ಲಿಗೆ ಹೋಗಕೂಡದು ಎಂದು ಅಂಗಡಿಯ ಹುಡುಗಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಲ್ಯಾಪ್‌ಟಾಪ್ ಎದೆಗವಚಿಕೊಂಡು ಓಡಿಬಂದರು. ಎರಡು ನಿಮಿಷಕ್ಕೊಮ್ಮೆ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಸಿಕ್ಕಿವೆ’ ಎಂದು ಬರುತ್ತಿತ್ತು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ, ಹೇಳಿದ ಹಾಗೆ ಕೇಳಿ, ಎಂಟು ಸಾವಿರ ಕಳಿಸಿ ಆಗಿತ್ತು. ನೋಡಿದರೆ ವೈರಸ್ ಒಂದೂ ಇಲ್ಲ. ಯಾವುದೋ ಪುಟ ತೆರೆದಾಗ ಸೂಚನೆಗಳಿಗೆ ‘ಅನುಮತಿಸಿ’ ಎಂದು ಒತ್ತಿದ್ದರು, ಬ್ರೌಸರ್ ಆ ಪುಟದವರ ಸುಳ್ಳನ್ನು ತಂದು ತೋರಿಸುತ್ತಿತ್ತು. ಸೆಟ್ಟಿಂಗ್ಸಿನಲ್ಲಿ ಒಂದು ಸಾಲು ಅಳಿಸಿದೆ, ನಿಂತಿತು. ಅಲ್ಲಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. “ಎಷ್ಟು ವರ್ಷ ಪಾಠ ಹೇಳಿದೆ, ಇದು ತಿಳೀಲಿಲ್ವಲ್ಲಮ್ಮ” ಎಂದು ಅವರು ತಲೆ ತಗ್ಗಿಸಿ ಕೂತದ್ದು ನೋಡಿ ಬಹಳ ಸಂಕಟವಾಯಿತು. ಅವರದು ತಪ್ಪಲ್ಲ. ಹೆದರಿಸಿ ದುಡ್ಡು ಕೀಳುವುದನ್ನೇ ಕಸುಬು ಮಾಡಿಕೊಂಡವರ ಎದುರು ಒಬ್ಬರೇ ಕೂತಿದ್ದರು. ನಿಜವಾದ ಆಂಟಿವೈರಸ್ ಎಂದೂ ಫೋನ್ ನಂಬರ್ ಕೊಟ್ಟು ಕರೆಯುವುದಿಲ್ಲ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ.

ಬ್ಯಾಕಪ್ ಮಾತು ಚಿಕ್ಕದು, ಕೆಲಸ ದೊಡ್ಡದು. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಹೇಳಿದ ಲೆಕ್ಕ ನನಗೆ ಒಗ್ಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಸಂಜೆ ಕಾಪಿ ಆದ ಕೂಡಲೇ ಡಿಸ್ಕನ್ನು ಬಿಚ್ಚಿ ಊಟದ ಬುತ್ತಿಯ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಎರಡು ಡಿಸ್ಕುಗಳು ಸರದಿಯಲ್ಲಿ ಮನೆಗೆ ಬರುತ್ತವೆ.

ಬೀರುವಿನಲ್ಲಿ ಬಟ್ಟೆಯೊಳಗಿದ್ದ ಆ ಎರಡು ಡಿಸ್ಕುಗಳನ್ನು ನಾನು ಮರೆತಿರಲಿಲ್ಲ. ರೀಡ್‌ಮಿ ಫೈಲನ್ನು ಐಡಿ ರ‍್ಯಾನ್ಸಮ್‌ವೇರ್ ಎಂಬ ಉಚಿತ ಸೇವೆಗೆ ಕೊಟ್ಟು, ನಮಗೆ ಬಡಿದದ್ದು ಸ್ಟಾಪ್ ಎಂಬ ಜಾತಿಯದೆಂದು ತಿಳಿದುಕೊಂಡಿದ್ದೆ. ಆ ಸೇವೆ ಕಟ್ಟಿದ ಅಮೆರಿಕದ ಮೈಕೇಲ್ ಗಿಲೆಸ್ಪಿ ಮತ್ತು ಎಮ್ಸಿಸಾಫ್ಟ್ ಕಂಪನಿಯವರು ಸೇರಿ 2019ರ ಅಕ್ಟೋಬರಿನಲ್ಲಿ ಅದರ 148 ರೂಪಗಳ ಬೀಗ ತೆಗೆಯುವ ಸಾಧನವನ್ನು ಉಚಿತವಾಗಿ ಬಿಟ್ಟರು. ನಮ್ಮ ಬಾಲದ ಹೆಸರು ಪಟ್ಟಿಯಲ್ಲಿತ್ತು. ಈ ಸ್ಟಾಪ್ ಅವಸರದಲ್ಲಿ ಪ್ರತಿ ಫೈಲಿನ ಮೊದಲ 150 ಕಿಲೋಬೈಟಿನಷ್ಟನ್ನು ಮಾತ್ರ ಕೆಡಿಸುತ್ತಿತ್ತು. ಕೆಟ್ಟ ಫೈಲೊಂದರ ಜೊತೆಗೆ ಅದರದೇ ಕೆಡದ ಪ್ರತಿ, ಆ ಅಳತೆಗಿಂತ ದೊಡ್ಡದು, ಎಲ್ಲಾದರೂ ಸಿಕ್ಕರೆ ಎರಡನ್ನೂ ಹೋಲಿಸಿ ಅದೇ ಬಗೆಯ ಉಳಿದ ಫೈಲುಗಳನ್ನೂ ಬಿಡಿಸಬಹುದಿತ್ತು. ಪೇಜ್‌ಮೇಕರಿನದು ಸುಲಭವಾಯಿತು. ಶಿವಮೊಗ್ಗದ ಪ್ರೆಸ್ಸಿಗೆ ಮೇಲ್ ಮಾಡಿದ್ದ ಹಳೇ ಪತ್ರಿಕೆಯೊಂದು ಸಿಕ್ಕಿತು. ರಾತ್ರಿಯಿಡೀ ಓಡಿ ಬೆಳಗಾಗುವಾಗ ಸಾವಿರಾರು ಫೈಲುಗಳು ತಮ್ಮ ಹಳೇ ಗುರುತಿಗೆ ಮರಳಿದ್ದವು. ಸ್ಮರಣ ಸಂಚಿಕೆಯೂ ಇತ್ತು.

ಪಟಗಳದ್ದು ಕಷ್ಟ. ಒಂದೊಂದು ಕ್ಯಾಮೆರಾದ ಪಟದ ಆರಂಭ ಒಂದೊಂದು ಥರ. ತುಮರಿಯ ಅಣ್ಣನ ಹಳೇ ಮೊಬೈಲಿನಲ್ಲೇ ತೆಗೆದ, ನನ್ನಲ್ಲಿ ಕೆಟ್ಟಿರುವ ಆ ನಲವತ್ತು ಚಿಲ್ಲರೆ ಪಟಗಳಲ್ಲೇ ಒಂದು, ಮೂಲರೂಪದಲ್ಲಿ ಎಲ್ಲಿಯಾದರೂ ಬೇಕು. ವಾಟ್ಸಾಪಿನಲ್ಲಿ ಕಳಿಸಿದ್ದು ಆಗುವುದಿಲ್ಲ, ಅದು ಪಟವನ್ನು ಕುಗ್ಗಿಸಿರುತ್ತದೆ. ಅವರಿಗೆ ಫೋನ್ ಮಾಡಿ ಕೇಳಿದೆ. ಅಷ್ಟರಲ್ಲಿ ಅವರಿಗೆ ನಡೆದದ್ದೆಲ್ಲ ಹೇಳಿಯಾಗಿತ್ತು, ಅವರು ಒಂದು ಮಾತೂ ಆಡಿರಲಿಲ್ಲ.

“ಯಾರಿಗಾದ್ರೂ ಬ್ಲೂಟೂತಿನಲ್ಲಿ ಕಳಿಸಿದ್ದು ನೆನಪುಂಟಾ ಅಣ್ಣ?”

ಸ್ವಲ್ಪ ಹೊತ್ತು ಸುಮ್ಮನಿದ್ದು, “ದೀಪಾವಳಿಗೆ ಗೋಪೂಜೆ ದಿನ ಗೌರಿ ಹಸೂದು ಒಂದು ತೆಗ್ದಿದ್ದೆ. ತಮ್ಮ ಬೇಕು ಅಂದ, ಅವನ ಮೊಬೈಲಿಗೆ ಬ್ಲೂಟೂತ್ ಮಾಡಿದ್ದೆ” ಎಂದರು.

ತಮ್ಮ ಹೊಸನಗರದಲ್ಲಿದ್ದರು. ಭಾನುವಾರ ಅಣ್ಣತಮ್ಮ ಇಬ್ಬರೂ ಅಂಗಡಿಗೆ ಬಂದರು. ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿಕೊಂಡ ಹಸುವಿನ ಪಟ, 600 ಕಿಲೋಬೈಟಿಗೂ ಮೇಲಿತ್ತು. ಕೆಟ್ಟದ್ದನ್ನೂ ಸರಿಯಾದದ್ದನ್ನೂ ಜೋಡಿ ಮಾಡಿ ಕೊಟ್ಟು ಕಾದೆವು. ಮಧ್ಯೆ ಕರೆಂಟು ಹೋಗಿ ಯುಪಿಎಸ್ ಮೇಲೆ ನಡೆಯಿತು. ಮೊದಲು ತೋಟದ ಪಟ ತೆರೆದುಕೊಂಡಿತು, ಆಮೇಲೆ ಯಾರದೋ ಬೈಕು, ಆಮೇಲೆ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿರುವ ಅವರ ತಾಯಿ.

ಇಬ್ಬರೂ ಎದ್ದು ನಿಂತರು. ಅಣ್ಣ ಪರದೆಯ ಹತ್ತಿರ ಬಂದು ನೋಡಿ, ಕನ್ನಡಕ ತೆಗೆದು, ಎರಡು ಪ್ರಿಂಟ್ ಹಾಕಿ ಎಂದರು, ಒಂದು ಮನೆಗೆ, ಒಂದು ತಮ್ಮನಿಗೆ. ಮತ್ತೆ ಬಾಗಿಲ ತನಕ ಹೋದವರು ತಿರುಗಿ ಬಂದು, ಗೌರಿದೂ ಒಂದು ಹಾಕಿಬಿಡಿ ಅಕ್ಕ ಎಂದರು.